ವಿರೂಪಾಕ್ಷಪ್ಪನ ಎರಡನೇ ನೋಟ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರಿ ವಿರೂಪಾಕ್ಷಪ್ಪ ಒಂದೇ ರಾಶಿಯನ್ನು ಎರಡು ಸಲ ನೋಡಿದ್ದನ್ನು ಕಂಡವರಿಲ್ಲ. ಒಂದು ಕಾಯಿ ಮುರಿಯುತ್ತಾನೆ, ಬಣ್ಣ ನೋಡುತ್ತಾನೆ, ದರ ಹೇಳಿ ಮುಂದೆ ಸಾಗುತ್ತಾನೆ. ಈ ಹೆಮ್ಮೆ ಪೇಟೆಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆ ಪುಣ್ಯಾತ್ಮ ಅದನ್ನು ಮನೆಗೂ ಹೊತ್ತು ತಂದ, ಅದೂ ಮಗಳು ಭುವನಾಳನ್ನು ನೋಡಲು ಗಂಡಿನವರು ಬಂದ ದಿನ.

ಗಂಡು ವೀರೇಂದ್ರ, ಗುತ್ತಲದಲ್ಲಿ ಬೀಜ-ಗೊಬ್ಬರದ ಅಂಗಡಿಯವನು. ಜೊತೆಗೆ ಬಂದವರು ತಾಯಿ ಪುಷ್ಪಲತಾ. ಭುವನಾಳ ಮನಸ್ಸಿಗೆ ಹುಡುಗ ಹಿಡಿಸಿಬಿಟ್ಟಿದ್ದ, ಅದು ಮುಖದಲ್ಲೇ ಕಾಣುತ್ತಿತ್ತು. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಆಗಷ್ಟೇ ಅರೆದ ಕೆಂಪು ಚಟ್ನಿ. ವಿರೂಪಾಕ್ಷಪ್ಪನಿಗೆ ಸೋಮವಾರದ ಉಪವಾಸ, ಹಾಗಾಗಿ ಬರೀ ಉಪಚಾರ ಅವನದು. ಪುಷ್ಪಲತಾ ಮೊಸರನ್ನವೇ ಸಾಕೆಂದರು.

"ಹಾಕ್ಕೊಳ್ರಿ, ನಮ್ಮ ಬ್ಯಾಡಗಿ ಕಾಯಿ ಐತಿ. ಬಣ್ಣ ಅಷ್ಟ, ಖಾರ ಇರೂದಿಲ್ಲ," ಎಂದು ವಿರೂಪಾಕ್ಷಪ್ಪ ಹುಡುಗನ ತಾಟಿಗೆ ದೊಡ್ಡ ಮುದ್ದೆ ಚಟ್ನಿ ಹಾಕಿದ.

ಎರಡು ತುತ್ತಿಗೆ ವೀರೇಂದ್ರನ ಕಣ್ಣು, ಮೂಗು ಎರಡೂ ಹರಿಯತೊಡಗಿದವು. ತಂಬಿಗೆ ನೀರು ಖಾಲಿ ಮಾಡಿದರೂ ಕೆಮ್ಮು ನಿಲ್ಲಲಿಲ್ಲ. ವಿರೂಪಾಕ್ಷಪ್ಪನ ಮುಖ ಗಂಟಾಯಿತು. ಗಂಡಿನವರು ಹೊರಡುವಾಗ ಬಾಗಿಲಲ್ಲೇ ಹೇಳಿಬಿಟ್ಟ: "ಬ್ಯಾಡಗಿ ಕಾಯಿಗೆ ಅಳಾವ ನಮ್ಮ ಮನಿಗೆ ಸರಿ ಹೊಂದೂದಿಲ್ಲರಿ."

ಭುವನಾ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ, ಅಗಡಿಯ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಲು ಹೊರಟವಳು ಅಪ್ಪನ ಮುಂದೆ ನಿಂತಳು.

"ಅಪ್ಪಾ, ಇವತ್ತು ಹುಡುಗರಿಗೆ ರೀವ್ಯಾಲ್ಯೂ ಅನ್ನೋ ಕ್ರಿಯಾಪದ ಕಲಿಸೂದೈತಿ."

"ಗೊತ್ತೈತಿ ಬಿಡು. ಮಾರ್ಕ್ಸ್ ಕಡಿಮಿ ಬಿದ್ದಾವ್ರು ಪೇಪರ್ ಮತ್ತ ತಿದ್ದಾಕ ಹಾಕ್ತಾರಲ್ಲ, ಅದ."

"ಪೇಪರಿಗಷ್ಟ ಅಲ್ಲಪ್ಪಾ. ಹೊಲಕ್ಕ, ಬಂಗಾರಕ್ಕ, ಒಂದ್ ದೇಶದ ರೊಕ್ಕಕ್ಕೂ ಬಳಸ್ತಾರ. ಒಮ್ಮೆ ಕಟ್ಟಿದ ಬೆಲಿ ಖರೇನೋ ಸುಳ್ಳೋ ಅಂತ ಮತ್ತ ನೋಡೂದು. ಏರಬಹುದು, ಇಳೀಬಹುದು."

"ನಾ ಮಾಲು ಒಮ್ಮೆ ನೋಡಾಂವ," ಎಂದ ವಿರೂಪಾಕ್ಷಪ್ಪ.

"ಅವರು ಮಾಲಲ್ಲಪ್ಪಾ," ಎಂದವಳೇ ಬಸ್ಸಿಗೆ ನಡೆದಳು. ದನಿ ನಡುಗಿದ್ದು ಅಪ್ಪನಿಗೆ ಕೇಳಿಸಿತು. ಕೇಳಿಸಿಲ್ಲವೆಂಬಂತೆ ತಾಟಿನ ಮುಂದೆ ಕುಳಿತ.

ಹೆಂಡತಿ ಗದಿಗೆವ್ವ ರೊಟ್ಟಿ ಹಾಕಿ, ಪಕ್ಕಕ್ಕೆ ನಿನ್ನೆಯ ಚಟ್ನಿಯನ್ನೂ ಧಾರಾಳವಾಗಿ ಹಾಕಿದಳು. ಒಂದೇ ತುತ್ತು. ವಿರೂಪಾಕ್ಷಪ್ಪ ಜಿಗಿದೆದ್ದ. ಮೀಸೆ ಒದ್ದೆ, ಕಣ್ಣು ಕೆಂಪು.

"ಏನಿಟ್ಟೀ ಇದರಾಗ?"

"ನೀವ ತಂದದ್ದು," ಎಂದಳು ಗದಿಗೆವ್ವ ತಣ್ಣಗೆ. "ಪೇಟಿಯಿಂದ ಅಂಗಿ ಕಿಸೆದಾಗ ಸ್ಯಾಂಪಲ್ ತಂದು ನಮ್ಮ ಡಬ್ಬಿಗೆ ಸುರೀತೀರಲ್ಲ ದಿನಾ? ಶನಿವಾರ ಬೆಂಕಿಯಂಥಾ ಗುಂಟೂರು ಕಾಯಿ ತಂದೀರಿ. ನಿನ್ನೆ ಸಂಜಿಗೆ ತಿಂದಾಗ ನನಗ ಗೊತ್ತಾತು."

"ಮತ್ತ ನಿನ್ನೆನ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನು? ನೀವ ಉಣ್ಣಲಿ ಅಂತ ಬಿಟ್ಟೆ."

ವಿರೂಪಾಕ್ಷಪ್ಪ ಮಜ್ಜಿಗೆ ಕುಡಿಯುತ್ತ ಯೋಚಿಸಿದ. ಆ ಹುಡುಗ ಇಷ್ಟು ಖಾರವನ್ನು ಎರಡು ತುತ್ತು ತಿಂದಿದ್ದ, ಒಂದು ಮಾತೂ ಆಡಿರಲಿಲ್ಲ. ತಾನೋ ಒಂದೇ ತುತ್ತಿಗೆ ಜಿಗಿದೆದ್ದು ಹೆಂಡತಿಯನ್ನು ಗದರಿದ್ದ. ನಾಚಿಕೆಯಾಯಿತು. ಪೇಟೆಗೆ ಹೋಗದೆ ಗುತ್ತಲದ ಬಸ್ಸು ಹತ್ತಿದ.

ಅಂಗಡಿಯ ಹಿಂದಿನ ಮನೆಯಲ್ಲಿ ಪುಷ್ಪಲತಾ, ವೀರೇಂದ್ರ ಇಬ್ಬರೂ ಇದ್ದರು. ವಿರೂಪಾಕ್ಷಪ್ಪ ಕುಳಿತುಕೊಳ್ಳದೆಯೇ ಎಲ್ಲವನ್ನೂ ಹೇಳಿದ.

"ತಪ್ಪು ನಂದರಿ ಅಕ್ಕಾರ. ನಿಮ್ಮ ಮಗನ್ನ ಮತ್ತೊಮ್ಮೆ ನೋಡಾಕ ಬಂದೇನಿ."

ವೀರೇಂದ್ರನಿಗೆ ನಗು ತಡೆಯಲಾಗಲಿಲ್ಲ. ಅವನ ತಾಯಿ ಮಾತ್ರ ನಗಲಿಲ್ಲ.

"ನಾವೂ ನಿನ್ನೆ ನಿಮ್ಮನ್ನ ನೋಡಿದ್ವಲ್ಲರಿ," ಎಂದರು. "ಹುಡುಗಿ ಬಂಗಾರ, ಆದ್ರ ಇಂಥಾ ಮಾವ ಬ್ಯಾಡ ಅಂತ ಬಸ್ಸಿನಾಗ ಮಾತಾಡ್ಕೊಂಡು ಬಂದ್ವಿ."

ತನಗೂ ಯಾರಾದರೂ ಬೆಲೆ ಕಟ್ಟಿಯಾರೆಂದು ವಿರೂಪಾಕ್ಷಪ್ಪ ಈವರೆಗೆ ಯೋಚಿಸಿರಲೇ ಇಲ್ಲ.

ಪುಷ್ಪಲತಾ ಅವನನ್ನು ಮೇಲಿಂದ ಕೆಳಗೆ, ನಿಧಾನವಾಗಿ ನೋಡಿದರು.

"ಕುಂದ್ರಿ," ಎಂದರು ಕೊನೆಗೆ. "ಊಟ ಮಾಡಿಕೊಂಡ ಹೋಗ್ರಿ. ನಾವೂ ಇನ್ನೊಮ್ಮೆ ನೋಡ್ತೀವಿ."