ಚಿನಕುರಳಿಯಲ್ಲಿ ಉಳಿದ ಮಾತ್ರೆ

ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಸೀಟು ಸಿಕ್ಕಿದರೆ ಅದೇ ಪುಣ್ಯ. ಮಧ್ಯಾಹ್ನ ನಾಗಮಂಗಲದ ಕಾಲೇಜೊಂದರಲ್ಲಿ ಮಲೇರಿಯಾ ರೋಗಾಣುವಿನ ಬಗ್ಗೆ ಮಾತಾಡಬೇಕಿತ್ತು. ಅದನ್ನೇ ಓದಿ, ಅದನ್ನೇ ಪಾಠ ಮಾಡಿ ತಲೆ ನರೆಸಿಕೊಂಡವಳು ನಾನು. ದಾರಿಯಲ್ಲಿ ಚಿನಕುರಳಿಯ ಚಿಕ್ಕಪ್ಪನನ್ನೂ ನೋಡಬೇಕಿತ್ತು. ಬೆಲ್ಲದ ಲೋಡಿನ ಜೊತೆ ಮಂಗಳೂರಿಗೆ ಹೋದವನು ಮಲೇರಿಯಾ ಹೊತ್ತುಕೊಂಡು ಬಂದಿದ್ದ.

ಪಾಂಡವಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಮೋಡ ಕವಿದು ತಂಪಾಗಿತ್ತು. ಚಿನಕುರಳಿ ಹತ್ತಿರ ಕಲ್ಲು ಕ್ವಾರಿಯ ಹಳ್ಳಗಳಲ್ಲಿ ಮಳೆನೀರು ನಿಂತಿತ್ತು. ನೋಡುವವರಿಗೆ ಅದು ನೀರು, ನನಗೆ ಸೊಳ್ಳೆಗಳ ತವರು.

ಚಿಕ್ಕಪ್ಪ ಜಗಲಿಯಲ್ಲಿ ಗಟ್ಟಿಮುಟ್ಟಾಗಿ ಕೂತು ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಹೆರಿಗೆಗೆಂದು ಬಂದಿದ್ದ ಅವನ ಮಗಳು ಸುಧಾ. ಡಾಕ್ಟರು ಬರೆದಿದ್ದ ಮಾತ್ರೆಗಳಲ್ಲಿ ಒಂದು ಮಾತ್ರ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು.

"ಜ್ವರ ಬುಡ್ತು, ತಲೆಗೆ ನೀರು ಹಾಕ್ಬುಟ್ಟಿವಿ ಕಣವ್ವ," ಎಂದಳು ಚಿಕ್ಕಮ್ಮ. "ನೀರು ಹಾಕುದ್ಮೇಲೂ ಔಸ್ದಿ ನುಂಗುದ್ರೆ ಕಾಯ್ಲೆನ ವಾಪಸ್ ಕರ್ದಂಗೆ."

ತಲೆಗೆ ನೀರು ಹಾಕಿದರೆ ಕಾಯಿಲೆ ಮುಗಿದಂತೆ ಎನ್ನುವ ಈ ನಂಬಿಕೆ ನಮ್ಮಮ್ಮನಿಗೂ ಇತ್ತು. ಸಿಟ್ಟು ಬಂದರೂ ತಡೆದುಕೊಂಡು ಬಿಡಿಸಿ ಹೇಳಿದೆ. ಜ್ವರ ತರುವ ಹುಳುಗಳು ಸತ್ತರೂ ಅವುಗಳಲ್ಲಿ ಕೆಲವು ಮೊದಲೇ ಗಂಡು, ಹೆಣ್ಣಾಗಿ ಬೆಳೆದು ರಕ್ತದಲ್ಲಿ ಸುಮ್ಮನೆ ಕಾದಿರುತ್ತವೆ. ಸೊಳ್ಳೆ ರಕ್ತ ಹೀರಿದಾಗ ಅದರ ಹೊಟ್ಟೆಯ ತಂಪು ಮತ್ತು ಅಲ್ಲಿನ ಒಂದು ರಸ ತಗುಲಿ ಸೊಳ್ಳೆಯೊಳಗೆ ಬಂದಾಯಿತೆಂಬ ಸುದ್ದಿ ಹುಳುವಿನೊಳಗೆ ಹರಿಯುತ್ತದೆ. ಕಾಲು ಗಂಟೆಯೊಳಗೆ ಗಂಡು ಒಡೆದು ಎಳೆಎಳೆಯಾಗಿ ಹೆಣ್ಣನ್ನು ಹುಡುಕಿ ಹೊರಡುತ್ತದೆ. ಅವುಗಳ ಸಂತಾನ ಬಲಿತ ಮೇಲೆ ಆ ಸೊಳ್ಳೆ ಯಾರನ್ನು ಕಚ್ಚಿದರೂ ಅವರಿಗೆ ಜ್ವರ.

"ಸುಧಾಗೆ ಬಂದ್ರೆ ಎರಡು ಜೀವಕ್ಕೂ ಅಪಾಯ," ಎಂದೆ. "ಈ ಮಾತ್ರೆ ನಿನ್ನ ಜ್ವರಕ್ಕಲ್ಲ ಚಿಕ್ಕಪ್ಪ, ಆ ಗಂಡು ಹೆಣ್ಣನ್ನ ಕೊಲ್ಲೋಕೆ."

"ಹುಳದ ಮದ್ವೆ ತಪ್ಸಕ್ಕೆ ನಾನ್ ಮಾತ್ರೆ ನುಂಗ್ಬೇಕಾ?" ಚಿಕ್ಕಪ್ಪ ನಕ್ಕ. ಚಿಕ್ಕಮ್ಮ ನಗಲಿಲ್ಲ. ಮಾತ್ರೆಯನ್ನು ಮುಟ್ಟಲೂ ಇಲ್ಲ.

ಬಸ್ಸಿನ ಹೊತ್ತಾಯಿತೆಂದು ಹೊರಟೆ. ಕೆ.ಆರ್. ಪೇಟೆಯ ಹೋಟೆಲಿನಲ್ಲಿ ಮುದ್ದೆ, ಉಪ್ಸಾರು ಚೆನ್ನಾಗಿಯೇ ಇದ್ದವು, ಅರ್ಧಕ್ಕೇ ಕೈ ತೊಳೆದೆ. ಸುಧಾ ನಾನು ಎತ್ತಿ ಆಡಿಸಿದ ಹುಡುಗಿ. ನಾಗಮಂಗಲದ ಕಾಲೇಜಿನಲ್ಲಿ ಅದೇ ಕಥೆಯನ್ನು ಚಿತ್ರ ತೋರಿಸಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಸ್ವಂತ ಚಿಕ್ಕಮ್ಮನನ್ನು ಒಪ್ಪಿಸಲಾಗದವಳಿಗೆ ಈ ಚಪ್ಪಾಳೆ ಯಾಕೆ ಎನ್ನಿಸಿ ನಾಚಿಕೆಯಾಯಿತು.

ಸಂಜೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮ್ಮನ ಫೋನು ಬಂತು.

"ನೀನಂದಿದ್ದು ತಲೇಲಿ ಕೊರೀತಾ ಇತ್ತು ಕಣವ್ವ. ಮಾತ್ರೆ ನುಂಗುಸ್ಬುಟ್ಟೆ."

ಜೀವ ಹಗುರಾಯಿತು. ಆದರೂ ಕೇಳಿದೆ, "ತಲೆಗೆ ನೀರು ಹಾಕಿ ಆಗಿತ್ತಲ್ಲ ಚಿಕ್ಕಮ್ಮ?"

"ಅದ್ಕೇನಂತೆ? ನುಂಗುಸ್ಬುಟ್ಟು ಇನ್ನೊಂದ್ಸಲ ನೀರು ಹಾಕ್ದೆ. ಒದ್ದೆ ತಲೇಲಿ ಚಳಿ ಅಂತ ನಿನ್ನ ಬೈಕೊಂಡ್ ಕುಂತವ್ರೆ ನಿಮ್ಮ ಚಿಕ್ಕಪ್ಪ."