ಮೊದಲ ಸೂಜಿ

ಯುದ್ಧದ ದಿನಗಳವು. ಕೆಲಮಂಗಲದ ಹತ್ತಿರ ಕೆರೆ ಒಡೆದು, ಮನೆ ಕಳಕೊಂಡ ಜನ ಗುಡ್ಡದ ಮಂಟಪ ಸೇರಿದ್ದರು. ಆ ಬೆಳಿಗ್ಗೆ ಅಲ್ಲೊಬ್ಬ ಹೆಂಗಸು ವಾಂತಿಭೇದಿಯಿಂದ ತೀರಿಕೊಂಡಿದ್ದಳು. ಕಾಲರಾ ಸೂಜಿ ಹಾಕಲು ಹೋದ ನನ್ನನ್ನು ಅವಳ ಗಂಡ ಕುಡುಗೋಲು ಹಿಡಿದು ತಡೆದ.

"ಮೊದ್ಲು ನೀನು ಚುಚ್ಕೊಳ್ಲಾ. ಬದುಕಿದ್ರೆ ನಮಗೆ ಹಾಕುವಂತೆ."

ಹಿಂದಿನ ವಾರವೇ ಹಾಕಿಸಿಕೊಂಡಿದ್ದೇನೆ ಎಂದರೂ ನಂಬಲಿಲ್ಲ. ಮತ್ತೊಮ್ಮೆ ತೋಳಿಗೆ ಚುಚ್ಚಿಕೊಂಡೆ. ಅವನು ಎದುರಿಗೇ ಕೂತು ನನ್ನ ಮುಖವನ್ನೇ ನೋಡತೊಡಗಿದ. ಮಧ್ಯಾಹ್ನದ ಹೊತ್ತಿಗೆ ನನ್ನ ಮೈ ಬೆಚ್ಚಗಾಗತೊಡಗಿತು. ಗೊತ್ತಾದರೆ ಕಡಿದೇ ಹಾಕುತ್ತಾನೆಂದು ಹಲ್ಲು ಕಚ್ಚಿ ಕೂತೆ.

ಕೊನೆಗೆ ಅವನು ಕುಡುಗೋಲು ಕೆಳಗಿಟ್ಟು ಮಗಳನ್ನು ಕರೆತಂದ.

"ಮೆಲ್ಲಕ್ ಚುಚ್ಚಪ್ಪಾ, ನಂಗಿರೋದು ಇವಳೊಬ್ಬಳೇ."

ಹಿಂದೆಯೇ ಎಲ್ಲರೂ ಬಂದರು. ಆಮೇಲೆ ನಾನು ಎರಡು ದಿನ ಜ್ವರದಿಂದ ಮಲಗಿದ್ದು ಅವನಿಗೆ ತಿಳಿಯಲಿಲ್ಲ, ಸದ್ಯ.