ಹಮಾಲಿ ಇಲ್ಲದ ತೂಕ

ನಮ್ಮ ಗ್ರೇಟ್ ಡೇನ್ ನಾಯಿ ಶೇರು ಜಮಖಂಡಿಯ ಕಾಳಿನ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ಗಡಗಡ ನಡುಗುತ್ತಿತ್ತು; ತೂಕ ನಿಲ್ಲುತ್ತಲೇ ಇರಲಿಲ್ಲ. ಎರಡು ದಿನದಿಂದ ಊಟ ಬಿಟ್ಟಿದ್ದ ಅದಕ್ಕೆ ಔಷಧ ಕೊಡಲು ತೂಕ ಗೊತ್ತಾಗಬೇಕಿತ್ತು. ಡಾಕ್ಟರರ ತಕ್ಕಡಿ ಅದಕ್ಕೆ ಸಾಲುತ್ತಿರಲಿಲ್ಲ. ಅಲ್ಲಿ ಚೀಲ ಹೊರುತ್ತಿದ್ದ ಹಿರಿಯ ಹಮಾಲರೊಬ್ಬರು ಬಂದು, ಅದನ್ನು ತಬ್ಬಿಕೊಂಡು ತಾವೂ ಕಾಟಾ ಹತ್ತಿದರು. ನಡುಕ ನಿಂತಿತು. ಅವರ ತೂಕ ಕಳೆದರೆ ಶೇರು ಅರವತ್ತೆರಡು ಕಿಲೋ.

"ಹಮಾಲಿ ಎಷ್ಟಾತ್ರಿ ಕಾಕಾ?" ಎಂದು ಕಿಸೆಗೆ ಕೈಹಾಕಿದೆ.

"ಚೀಲಕ್ಕ ತಗೋತೇವ್ರಿ. ಜೀವಕ್ಕ ಹ್ಯಾಂಗ ತಗೋಳೂದು?" ಎನ್ನುತ್ತ ಅದರ ಕಿವಿ ಸವರಿದರು.

ಶೇರು ಗುಣವಾಯಿತು. ಕೊಂಡ ಬೆಲೆ, ಊಟ, ಔಷಧ ಎಂದು ಬಂದವರೆದುರೆಲ್ಲ ಅದರ ಖರ್ಚು ಹೇಳಿಕೊಳ್ಳುತ್ತಿದ್ದವನು ನಾನು. ಈಗ ಯಾರಾದರೂ "ಎಷ್ಟಕ್ಕ ಬಿತ್ರಿ ಇದು?" ಎಂದರೆ, "ಅರವತ್ತೆರಡು ಕಿಲೋ ಐತ್ರಿ" ಎನ್ನುತ್ತೇನೆ.